ಇತರರ ಪೈಕಿ ವೆದ್ರಾನ್

ಪೊಡ್ಲಿಪಾದಲ್ಲಿ ಹೊಸಬರು ಸಿಕ್ಕರೆ ಮೊದಲು ಹೆಸರು ಕೇಳುತ್ತಾರೆ. ಹೆಸರಿನಲ್ಲೇ ಕೆಲಸ ಮುಗಿದರೆ ಸರಿ, ಕಾಫಿ ತರಿಸುತ್ತಾರೆ. ಮುಗಿಯದಿದ್ದರೆ ಮೆಲ್ಲಗೆ ಎರಡನೆಯ ಪ್ರಶ್ನೆ ಬರುತ್ತದೆ, ನಿಮ್ಮ ತಂದೆಯ ಹೆಸರು? ನಮ್ಮ ಬೋಸ್ನಿಯಾದಲ್ಲಿ ಇದನ್ನು ಕೆದಕುವುದು ಎನ್ನುವುದಿಲ್ಲ, ಸೌಜನ್ಯ ಎನ್ನುತ್ತಾರೆ. ಎದುರಿಗೆ ಕೂತವನು ಮುಸ್ಲಿಮನೋ, ಆರ್ಥೊಡಾಕ್ಸನೋ, ಕ್ಯಾಥೊಲಿಕ್ಕನೋ ಗೊತ್ತಾಗದೆ ಅವನ ಮುಂದೆ ಯಾರನ್ನು ಬೈಯಬೇಕು ಎಂದು ತಿಳಿಯುವುದಾದರೂ ಹೇಗೆ? ತಪ್ಪಿ ಅವನ ಕಡೆಯವರನ್ನೇ ಬೈದುಬಿಟ್ಟರೆ ಮನೆಗೆ ಬಂದವರಿಗೆ ಅವಮಾನ ಮಾಡಿದಂತಾಗುತ್ತದೆ.

ವೆದ್ರಾನ್ ಲೊಂಚಾರ್ ಈ ಪರೀಕ್ಷೆಯಲ್ಲಿ ಜೀವಮಾನವಿಡೀ ನಪಾಸಾದವನು. ವೆದ್ರಾನ್ ಎಂಬ ಹೆಸರನ್ನು ಯಾರು ಬೇಕಾದರೂ ಇಡುತ್ತಾರೆ. ಲೊಂಚಾರ್ ಎಂದರೆ ಕುಂಬಾರ, ಮಡಕೆ ಎಲ್ಲರಿಗೂ ಬೇಕು. ರೈಲು ಓಡಿಸುತ್ತಿದ್ದ ಅವನಪ್ಪನ ಹೆಸರು ಸ್ಲಾವ್ಕೊ, ಅದೂ ಎರಡು ಚರ್ಚಿಗೆ ಸಲ್ಲುವ ಹೆಸರು. ಅಪ್ಪ ಆರ್ಥೊಡಾಕ್ಸ್, ಅಮ್ಮ ಕ್ಯಾಥೊಲಿಕ್, ಕಟ್ಟಿಕೊಂಡ ಹೆಂಡತಿ ಮುನೀರಾ ಮುಸ್ಲಿಂ ಎನ್ನುವಷ್ಟರಲ್ಲಿ ಕೇಳಿದವನ ಕಾಫಿ ತಣ್ಣಗಾಗಿ, ಅವನು ಹವಾಮಾನದ ಮಾತಿಗೆ ಜಾರಿಕೊಂಡಿರುತ್ತಿದ್ದ.

ಹಳೆಯ ದೇಶ ಇದ್ದಾಗ ಇದೇನೂ ತೊಂದರೆಯಾಗಿರಲಿಲ್ಲ. ಜನಗಣತಿಯಲ್ಲಿ ಯುಗೊಸ್ಲಾವ್ ಎಂದು ಬರೆಸಿದರೆ ಮುಗಿಯುತ್ತಿತ್ತು. ಆಮೇಲೆ ಆ ದೇಶವೇ ಸತ್ತಿತು. ನಾಯಿಮರಿ ಸತ್ತರೂ ನಾಲ್ಕು ಜನಕ್ಕೆ ಹೇಳುವ ಊರಿನಲ್ಲಿ ಅಷ್ಟು ದೊಡ್ಡ ದೇಶ ಸತ್ತಾಗ ಯಾರೂ ಒಂದು ಸಾವಿನ ಚೀಟಿ ಅಂಟಿಸಲಿಲ್ಲ. ಯುದ್ಧ ಮುಗಿದ ಮೇಲೆ ದೊಡ್ಡವರು ಕೂತು ದೇಶ ಮೂರು ಜನಾಂಗದವರದು ಎಂದು ತೀರ್ಮಾನಿಸಿದರು. ಮೂವರ ಹೆಸರನ್ನೂ ಚೆಂದವಾಗಿ ಬರೆದು, ಕೊನೆಗೆ, ಊಟದ ಮೇಲೆ ಮಿಕ್ಕಿದ್ದನ್ನು ಒಂದು ಪಾತ್ರೆಗೆ ಬಳಿದಿಡುವ ಹಾಗೆ, "ಇತರರು" ಎಂದು ಸೇರಿಸಿದರು. ವೆದ್ರಾನ್ ಆ ಪಾತ್ರೆಯಲ್ಲಿದ್ದ. ಪೊಡ್ಲಿಪಾದ ಮಟ್ಟಿಗೆ ಅವನೊಬ್ಬನೇ ಇದ್ದ. ಪುರಸಭೆಯಲ್ಲಿ ಏನಾದರೂ ಸಭೆಯಾದರೆ ಗುಮಾಸ್ತ ಮೂರು ಕಡೆಯವರನ್ನೂ ಕರೆದು ಕೂರಿಸಿ, ಕೊನೆಗೆ ಗಂಟಲು ಸರಿಮಾಡಿಕೊಂಡು "ಇತರರು ಬರಬಹುದು" ಎನ್ನುತ್ತಿದ್ದ. ವೆದ್ರಾನ್ ಎದ್ದು ಬರುತ್ತಿದ್ದ. ಅವನಿಗೆಂದು ಒಂದು ಇಡೀ ಬೆಂಚು ಇತ್ತು.

ಹೊಟ್ಟೆಪಾಡಿಗೆ ಅವನು ಸಂಸ್ಕೃತಿ ಭವನದ ಸಿನಿಮಾ ಹಾಲಿನಲ್ಲಿ ಟಿಕೆಟ್ ಹರಿಯುತ್ತಿದ್ದ. ಮೀಸೆ ಮೂಡುವ ಮುಂಚೆ ಸೇರಿದವನು ಮೀಸೆ ನರೆತ ಮೇಲೂ ಅಲ್ಲೇ ಇದ್ದ. ಮುನೀರಾ ಹುಡುಗಿಯಾಗಿದ್ದಾಗ ಹೊಲಿಗೆ ಕಾರ್ಖಾನೆಗೆ ಹೋಗುತ್ತಿದ್ದಳು. ಪಾಳಿ ಮುಗಿಸಿ ಓಡಿ ಬರುವಷ್ಟರಲ್ಲಿ ಸಿನಿಮಾ ಶುರುವಾಗಿರುತ್ತಿತ್ತು. ಅವಳಿಗೋಸ್ಕರ ಅವನು ಕೊನೆಯ ಸಾಲಿನಲ್ಲಿ ತನ್ನ ಪಕ್ಕದ ಕುರ್ಚಿಯ ಮೇಲೆ ಟೋಪಿ ಇಟ್ಟು ಕಾಯುತ್ತಿದ್ದ. ಒಮ್ಮೆ ಹಾಲು ಕಿಕ್ಕಿರಿದಿದ್ದಾಗ ಅವನ ಶಾಲೆಯ ಗೆಳೆಯ ಹಾಮ್ದಿಯಾ ಬಂದು, ಟೋಪಿಯ ಕಡೆ ಬೆರಳು ತೋರಿಸಿ ಕೇಳಿದ, "ಇಲ್ಲಿ ಯಾರಾದ್ರೂ ಬರ್ತಾರಾ?"

"ಬರ್ತಾರೆ. ಸ್ವಲ್ಪ ತಡ ಆಗುತ್ತೆ."

ಪಾಪ, ಹಾಮ್ದಿಯಾ ಸಿನಿಮಾ ಮುಗಿಯುವ ತನಕ ಗೋಡೆಗೆ ಒರಗಿ ನಿಂತ. ಅದನ್ನು ಅವರ ಮದುವೆಯ ದಿನ ಎಲ್ಲರ ಮುಂದೆ ಹೇಳಿ ನಗಿಸಿದ್ದೂ ಅವನೇ.

ಆ ಕಾಲದಲ್ಲೂ ಹಾಲಿಗೆ ಜನ ಸೇರುತ್ತಿದ್ದದ್ದು ಕುಟುಕುವ ಸಿನಿಮಾಗಳಿಗೆ. ಪೆದ್ದ ಮೇಯರ್, ಹೆದರುಪುಕ್ಕಲ ಪಾರ್ಟಿ ಕಾರ್ಯದರ್ಶಿ, ತನ್ನ ಕುಲದ ಕೋಳಿ ಇಟ್ಟ ಮೊಟ್ಟೆ ಮಾತ್ರ ತಿನ್ನುವ ಮುದುಕ, ಇಂಥವರು ಪರದೆ ಮೇಲೆ ಬಂದರೆ ಸಾಕು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತ ನಮ್ಮೂರಿನ ಪಾರ್ಟಿ ಕಾರ್ಯದರ್ಶಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ, ಪಕ್ಕದೂರಿನ ಕಾರ್ಯದರ್ಶಿಯನ್ನು ಆಡಿಕೊಂಡಿದ್ದಾರೆ ಎಂದು ತಿಳಿದು. ಪಕ್ಕದೂರಿನಲ್ಲಿ ಅವನೂ ಹಾಗೇ ನಗುತ್ತಿದ್ದನಂತೆ.

ಮುನೀರಾ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಪೊಡ್ಲಿಪಾಕ್ಕೆ ಮೂರು ಗುಡ್ಡ, ಮೂರು ಗುಡ್ಡಕ್ಕೂ ಒಂದೊಂದು ಸ್ಮಶಾನ. ಅವಳನ್ನು ಅವಳ ಕಡೆಯವರ ಗುಡ್ಡದಲ್ಲಿ, ಪ್ಲಮ್ ಮರದ ಕೆಳಗೆ ಮಣ್ಣು ಮಾಡಿದರು. ಪಕ್ಕದಲ್ಲಿ ಒಬ್ಬರು ಮಲಗುವಷ್ಟು ಜಾಗ ಉಳಿದಿತ್ತು. ವೆದ್ರಾನ್ ಜೀವನದಲ್ಲಿ ಯಾರಿಂದಲೂ ದೊಡ್ಡದೇನೂ ಬೇಡಿದವನಲ್ಲ. ಈಗ ಅವನಿಗೆ ಬೇಕಾದದ್ದು ಅದೊಂದೇ, ಆ ಜಾಗ.

ಅದನ್ನು ಕೊಡಬೇಕಾದವನು ಹಾಮ್ದಿಯಾ. ಟೈರು ಅಂಗಡಿ ಇಟ್ಟು ಬೆಳೆದು, ಈಗ ಅವನು ಆ ಗುಡ್ಡದ ಸ್ಮಶಾನ ಮಂಡಳಿಯ ಅಧ್ಯಕ್ಷನಾಗಿದ್ದ. ಪುರಸಭೆ ಚುನಾವಣೆಗೆ ನಿಂತದ್ದರಿಂದ ಊರಿನ ಕಂಬಕಂಬದಲ್ಲೂ ಅವನ ಮುಖ ನೇತಾಡುತ್ತಿತ್ತು.

"ಹಾಮ್ದಿಯಾ, ಮುನೀರಾ ಪಕ್ಕದ ಜಾಗ ನನಗಿರ್ಲಿ ಕಣೋ," ವೆದ್ರಾನ್ ಅಂಗಡಿಗೇ ಹೋಗಿ ಕೇಳಿದ.

"ನಿಂಗೇನಾಗಿದೆಯೋ? ಗುಂಡುಕಲ್ಲಿನ ಹಾಗಿದೀಯ."

"ಈಗಲ್ಲ, ಆಮೇಲೆ."

"ನೋಡೋಣ."

"ನೋಡೋದೇನು? ಇಮಾಮರು ನನ್ನದೇನೂ ಅಡ್ಡಿಯಿಲ್ಲ, ಮಂಡಳಿ ಕೇಳು ಅಂದ್ರು. ಮಂಡಳಿ ಅಂದ್ರೆ ನೀನು."

"ನಾನು ಬರೀ ಅಧ್ಯಕ್ಷ ಕಣೋ. ನನ್ನ ಕೇಳಿದ್ರೆ, ನೀನು ನಮ್ಮನೆ ಹಾಸಿಗೆ ಮೇಲೇ ಮಲ್ಕೋ. ಆದ್ರೆ ಜನ ಇದಾರಲ್ಲ. ಇವತ್ತು ನಿನ್ನ ಒಳಗೆ ಬಿಟ್ರೆ ನಾಳೆ ಇನ್ನೊಬ್ಬ ಬರ್ತಾನೆ."

"ಇನ್ನೊಬ್ಬ ಎಲ್ಲಿದಾನೆ? ಊರಿಗೆಲ್ಲ ಇತರ ಅಂತ ಇರೋನು ನಾನೊಬ್ನೇ."

"ಚುನಾವಣೆ ಮುಗೀಲಿ. ನೋಡೋಣ."

ಈ "ನೋಡೋಣ" ನಮ್ಮೂರಿನ ಅಧಿಕೃತ ಭಾಷೆ. ಹೂಂ ಅಂದರೆ ಒಬ್ಬರಿಗೆ ಕೋಪ, ಊಹೂಂ ಅಂದರೆ ಇನ್ನೊಬ್ಬರಿಗೆ ಕೋಪ. ನೋಡೋಣ ಅಂದರೆ ಕೈಯೂ ತೊಳೆದ ಹಾಗಾಯಿತು, ಸ್ನೇಹವೂ ಉಳಿಯಿತು. ವೆದ್ರಾನ್ ಉಳಿದ ಎರಡು ಗುಡ್ಡಗಳಿಗೂ ಹೋಗಿ ಬಂದ. ಅಲ್ಲಿ ಮಲಗುವ ಆಸೆಯಿಂದಲ್ಲ, ಕೇಳಲೇ ಇಲ್ಲ ಎಂದು ನಾಳೆ ಯಾರೂ ಹೇಳಬಾರದಲ್ಲ. ಅಪ್ಪನ ಗುಡ್ಡದವರು ನೀನು ಮದುವೆಯಾದ ಕಡೆಗೇ ಹೋಗು ಎಂದರು. ಅಮ್ಮನ ಗುಡ್ಡದವರು ತಾಯಿಯ ಕಡೆಯಿಂದ ಲೆಕ್ಕ ಹಿಡಿಯುವುದಿಲ್ಲ ಎಂದರು. ಮೂರು ಕಡೆಯವರೂ ಕಾಫಿ ಮಾತ್ರ ಚೆನ್ನಾಗಿ ಕೊಟ್ಟರು.

ಹೀಗಿರುವಾಗ ಸರಾಯೆವೊದಿಂದ ಸಿನಿಮಾದವರು ಬಂದಿಳಿದರು. ನಿರ್ದೇಶಕಿ ಯಾಸ್ನಾ ಎಂಬ ಸಣಕಲು ಹೆಂಗಸು, ಸಿಗರೇಟು ಆರುವ ಮುಂಚೆಯೇ ಇನ್ನೊಂದು ಹಚ್ಚುವವಳು. ಚುನಾವಣೆಯ ಮೇಲೆ ಒಂದು ತಮಾಷೆಯ ಸಿನಿಮಾ ತೆಗೆಯಬೇಕು ಎಂದು ಬಂದಿದ್ದಳು. ಸಂಸ್ಕೃತಿ ಭವನವೇ ಅವರ ಬಿಡಾರ, ಬೀಗ ತೆಗೆದು ಕಾಫಿ ಕಾಸಿ ಕೊಡುವವನು ವೆದ್ರಾನ್.

"ಮಾಮ, ನಿಮ್ಮೂರಲ್ಲಿ ಏನು ವಿಶೇಷ?" ಒಂದು ದಿನ ಕಾಫಿ ಕುಡಿಯುತ್ತ ಯಾಸ್ನಾ ಕೇಳಿದಳು.

"ವಿಶೇಷ ಏನಿಲ್ಲಮ್ಮ. ನಾನು ಸತ್ರೆ ಎಲ್ಲಿಗೆ ಹಾಕ್ಬೇಕು ಅಂತ ಯಾರಿಗೂ ಗೊತ್ತಿಲ್ಲ, ಅಷ್ಟೆ."

ಅವನು ಮೂರು ಗುಡ್ಡದ ಕಥೆಯನ್ನೂ ಹೇಳಿದ. ಯಾಸ್ನಾ ಕಪ್ಪು ಕೆಳಗಿಟ್ಟಳು. "ಹಾಗಾದ್ರೆ ಮಾಮ, ನಿಮ್ಮ ಸಾವಿನ ಚೀಟಿ ಯಾವ ಬಣ್ಣದ್ದು?"

ನಮ್ಮಲ್ಲಿ ಯಾರಾದರೂ ಸತ್ತರೆ ಚೌಕದ ಲಿಂಡನ್ ಮರಕ್ಕೆ ಚೀಟಿ ಅಂಟಿಸುತ್ತಾರೆ. ಫೋಟೊ, ಹೆಸರು, ಸುತ್ತ ಒಂದು ಚೌಕಟ್ಟು. ಮುಸ್ಲಿಮರದು ಹಸಿರು, ಶಿಲುಬೆಯವರದು ಕಪ್ಪು (ಆರ್ಥೊಡಾಕ್ಸರಾದರೆ ಸಿರಿಲಿಕ್ ಅಕ್ಷರ, ಕ್ಯಾಥೊಲಿಕ್ಕರಾದರೆ ಲ್ಯಾಟಿನ್), ಎರಡೂ ಬೇಡ ಎಂದವರದು ನೀಲಿ. ಬಣ್ಣ, ಅಕ್ಷರ ನೋಡಿದರೇ ಸಾಕು, ಯಾವ ಗುಡ್ಡ ಹತ್ತಬೇಕು ಎಂದು ಗೊತ್ತಾಗುತ್ತದೆ.

"ಬಣ್ಣಕ್ಕೇನು ಬರ ಇಲ್ಲಮ್ಮ," ವೆದ್ರಾನ್ ಹೇಳಿದ. "ನೀಲಿ ಚೀಟಿ ಸಿಗುತ್ತೆ. ನೀಲಿ ಗುಂಡಿ ಸಿಗಲ್ಲ."

ಯಾಸ್ನಾ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಕ್ಯಾಮೆರಾದವರು, ದೀಪದವರು, ಮೇಕಪ್ಪಿನವರು ಎಲ್ಲ ನಕ್ಕರು. ವೆದ್ರಾನ್ ನಗಿಸಬೇಕೆಂದು ಹೇಳಿರಲಿಲ್ಲ. ಆದರೂ ಮನೆಗೆ ಬಂದ ನೆಂಟರು ನಗುವಾಗ ಮುಖ ಗಂಟಿಕ್ಕಿಕೊಳ್ಳುವುದು ಸರಿಯಲ್ಲವೆಂದು ತಾನೂ ಹಲ್ಲು ತೋರಿಸಿದ. ಒಳಗೆ ಅವನಿಗೆ ಸ್ವಲ್ಪ ನೋವಾಯಿತು. ಇಷ್ಟು ದಿನ ಯಾರೂ ಅವನ ಮಾತನ್ನು ಇಷ್ಟು ಕಿವಿಗೊಟ್ಟು ಕೇಳಿರಲಿಲ್ಲ ಎಂಬ ಖುಷಿಯೂ ಆಯಿತು. ಎರಡೂ ಒಟ್ಟಿಗೇ ಆದದ್ದರಿಂದ ಎದ್ದು ಕಪ್ಪುಗಳನ್ನು ತೊಳೆಯಲು ಹೋದ.

ಮರುದಿನದ ಹೊತ್ತಿಗೆ ಯಾಸ್ನಾಳ ಕಥೆಯೇ ಬದಲಾಗಿತ್ತು. ಸಿನಿಮಾದ ಹೆಸರು "ಓಟು ಬೇಕು, ಹೆಣ ಬೇಡ". ಚುನಾವಣೆಯ ಹಿಂದಿನ ದಿನ ಒಬ್ಬ ಸಾಯುತ್ತಾನೆ. ಮತದಾರರ ಪಟ್ಟಿಯಲ್ಲಿ ಹೆಸರಿರುವುದರಿಂದ ಮೂರು ಪಾರ್ಟಿಗೂ ಅವನ ಓಟು ಬೇಕು, ಸತ್ತವರು ಓಟು ಹಾಕುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ಹೆಣ ಮಾತ್ರ ಯಾವ ಗುಡ್ಡಕ್ಕೂ ಬೇಡ. ಪೆಟ್ಟಿಗೆಯನ್ನು ಟ್ರ್ಯಾಕ್ಟರಿನ ಮೇಲೆ ಹೇರಿಕೊಂಡು ಗುಡ್ಡದಿಂದ ಗುಡ್ಡಕ್ಕೆ ಸುತ್ತುತ್ತಾರೆ.

"ಮಾಮ, ಆ ಸತ್ತವನಿಗೆ ನಿಮ್ಮ ಹೆಸರು ಇಟ್ಕೊಳ್ಳಲಾ?" ಯಾಸ್ನಾ ಕೇಳಿದಳು. "ಬೇರೆ ಯಾವ ಹೆಸರಿಟ್ರೂ ನಮ್ಮವನನ್ನೇ ಯಾಕೆ ಸಾಯಿಸಿದ್ರಿ ಅಂತ ಒಬ್ರಲ್ಲ ಒಬ್ರು ಜಗಳಕ್ಕೆ ಬರ್ತಾರೆ. ನಿಮ್ಮ ಹೆಸರು ಯಾರಿಗೂ ಸೇರಿದ್ದಲ್ಲ ನೋಡಿ."

"ನಂಗೆ ಸೇರಿದ್ದು," ಎಂದ ವೆದ್ರಾನ್. ಆಮೇಲೆ, "ಇಟ್ಕೋ ತಾಯಿ, ಹೆಸರೇನು ಸವೆಯಲ್ಲ," ಎಂದ.

"ಹೆಣವೂ ನೀವೇ ಆಗ್ಬಿಡಿ. ನಿಮ್ಮ ಮುಖ ಚೆನ್ನಾಗಿದೆ."

"ಮಾತೇನಾದ್ರೂ ಇರುತ್ತಾ?"

"ಹೆಣಕ್ಕೆ ಮಾತಿರಲ್ಲ ಮಾಮ."

"ಸರಿ ಬಿಡು. ಪುರಸಭೇಲಿ ಅಭ್ಯಾಸ ಆಗಿದೆ."

ಶೂಟಿಂಗಿಗೆಂದು ಲಿಂಡನ್ ಮರಕ್ಕೆ ಅವನ ಚೀಟಿ ಬಿತ್ತು. ಒಂದೇ ಮುಖ, ಒಂದೇ ಹೆಸರು, ಮೂರು ಚೌಕಟ್ಟು: ಹಸಿರು, ಕಪ್ಪು, ನೀಲಿ. ಸಾಯಂಕಾಲ ಬೆಳಕು ಸಾಲಲಿಲ್ಲವೆಂದು ಯಾಸ್ನಾ ಚಿತ್ರೀಕರಣವನ್ನು ಮುಂದಕ್ಕೆ ಹಾಕಿ ಹೋದಳು. ಚೀಟಿಗಳು ಮರದ ಮೇಲೇ ಉಳಿದವು. ಬೇರೆ ಯಾವ ಊರಿನಲ್ಲಾದರೂ ಒಬ್ಬ ಮನುಷ್ಯನಿಗೆ ಮೂರು ಚೀಟಿ ನೋಡಿದರೆ ಇದೇನೋ ನಾಟಕ ಎಂದು ಹೊಳೆಯುತ್ತಿತ್ತು. ಪೊಡ್ಲಿಪಾದಲ್ಲಿ ಹೊಳೆಯಲಿಲ್ಲ. ಬೆಳಗಾಗುತ್ತಲೇ ಮರದ ಕೆಳಗೆ ಜನ ನೆರೆದರು. ಅವನಿಗೆ ಏನಾಗಿತ್ತು, ಹೃದಯವೋ, ಶ್ವಾಸಕೋಶವೋ ಎಂದು ಒಬ್ಬರೂ ಕೇಳಲಿಲ್ಲ.

"ಹಸಿರು ಹಾಕಿದಾರಲ್ಲ, ಹೆಂಡತಿ ಕಡೆಯವರ ಕೈವಾಡ."

"ಕಪ್ಪೂ ಇದೆ ನೋಡಿ ಸ್ವಾಮಿ. ಅಪ್ಪನ ಕಡೆಯವರು ಸುಮ್ನಿರ್ತಾರಾ?"

"ಹಾಗಾದ್ರೆ ನೀಲಿ ಯಾಕೆ?"

"ಅಂಗಿ ಅಳತೆ ನೋಡಲ್ವಾ? ಯಾವುದು ಸರಿ ಹೋಗುತ್ತೋ ಅಂತ ಮೂರೂ ಹಾಕಿ ನೋಡ್ತಿದಾರೆ."

ಕ್ಯಾಥೊಲಿಕ್ ಕಡೆಯ ದಿನಸಿ ಅಂಗಡಿಯವನಿಗೆ ಇನ್ನೊಂದು ಬೇಜಾರು. ಕಪ್ಪು ಚೀಟಿಯ ಅಕ್ಷರ ಸಿರಿಲಿಕ್ ಲಿಪಿಯಲ್ಲಿತ್ತು. ಅವನಮ್ಮ ನಮ್ಮವಳಲ್ಲವೇ, ನಮ್ಮ ಲಿಪಿಯಲ್ಲಿ ಒಂದು ಹಾಕಿದ್ದರೆ ಇವರ ಗಂಟು ಹೋಗುತ್ತಿತ್ತೇ ಎಂದು ಗೊಣಗಿದ. ತಾಯಿಯ ಕಡೆಯಿಂದ ಲೆಕ್ಕ ಹಿಡಿಯುವುದಿಲ್ಲ ಎಂದು ತಮ್ಮ ಗುಡ್ಡದವರೇ ಅಂದದ್ದು ಅವನಿಗೆ ಮರೆತಿತ್ತು. ಹೇಗೂ ಚೀಟಿ ಅಂಟಿಸುವುದಕ್ಕೆ ಗುಡ್ಡದಲ್ಲಿ ಜಾಗ ಕೊಡಬೇಕಾಗಿಲ್ಲವಲ್ಲ.

ಇತ್ತ ವೆದ್ರಾನ್ ಮನೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಪಕ್ಕದ ಮನೆಯ ಕಾತಾ ಅಜ್ಜಿ, ತಲೆಗೆ ಕಪ್ಪು ವಸ್ತ್ರ ಕಟ್ಟಿಕೊಂಡು, ಸಾವಿನ ಮನೆಗೆ ಒಯ್ಯುವ ಪದ್ಧತಿಯಂತೆ ಕಾಫಿಪುಡಿ, ಸಕ್ಕರೆ ಉಂಡೆಯ ಪೊಟ್ಟಣ ಹಿಡಿದು ನಿಂತಿದ್ದಳು. ಅವನ ನೊರೆ ಮೆತ್ತಿದ ಮುಖವನ್ನು ಮೇಲಿಂದ ಕೆಳಗೆ ನೋಡಿದಳು.

"ಸತ್ತಿಲ್ವಾ?"

"ಇಲ್ಲ ಅಜ್ಜಿ."

"ಮೊದ್ಲೇ ಹೇಳ್ಬಾರ್ದಾ? ಮಂಡಿ ನೋವಿಟ್ಕೊಂಡು ಮೆಟ್ಟಿಲು ಹತ್ತಿ ಬಂದಿದೀನಿ." ಪೊಟ್ಟಣವನ್ನು ಅವನ ಕೈಗೆ ತುರುಕಿ ಒಳಗೆ ಬಂದು ಕೂತಳು. "ಸರಿ, ಬದುಕಿದೀಯಲ್ಲ, ನೀನೇ ಕಾಫಿ ಕಾಸು. ಸತ್ತಿದ್ರೆ ನಾನೇ ಕಾಸ್ಬೇಕಾಗಿತ್ತು."

ಕಾಫಿ ಉಕ್ಕುವ ಮುಂಚೆ ಹಾಮ್ದಿಯಾ ಬಂದ. ಟೋಪಿ ಕೈಯಲ್ಲಿತ್ತು, ಕಣ್ಣು ಕೆಂಪಗಿದ್ದವು. ವೆದ್ರಾನ್ ಒಲೆಯ ಮುಂದೆ ನಿಂತಿರುವುದನ್ನು ಕಂಡವನೇ ಬಾಗಿಲ ಚೌಕಟ್ಟು ಹಿಡಿದುಕೊಂಡ. ಗೆಳೆಯ ನಿಜವಾಗಿಯೂ ಅತ್ತಿದ್ದಾನೆ ಎಂದು ವೆದ್ರಾನನಿಗೆ ತಿಳಿಯಿತು, ಅವನ ಮನಸ್ಸು ತುಂಬಿ ಬಂತು.

"ಹಾಳಾದೋನೇ," ಹಾಮ್ದಿಯಾ ಕುರ್ಚಿಯಲ್ಲಿ ಕುಸಿದು ಹೇಳಿದ. "ನಿನ್ನನ್ನ ಎಲ್ಲಿ ಹೂಳೋದು ಅಂತ ದಾರಿಯುದ್ದಕ್ಕೂ ತಲೆ ಕೆಟ್ಟುಹೋಗಿತ್ತು."

"ಏನು ತೀರ್ಮಾನ ಮಾಡ್ದೆ?"

ಹಾಮ್ದಿಯಾ ಮೂಗು ಒರೆಸಿಕೊಂಡ. "ನೋಡೋಣ ಅಂದ್ಕೊಂಡೆ."

ಕಾತಾ ಅಜ್ಜಿ ಸಕ್ಕರೆ ಉಂಡೆಯನ್ನು ಕಾಫಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡು, "ಚುನಾವಣೆಗೆ ಮುಂಚೆ ಸಾಯ್ಬೇಡಪ್ಪ ವೆದ್ರಾನ್, ಪಾಪ ಇವರಿಗೆಲ್ಲ ಕೆಲಸ ಜಾಸ್ತಿ," ಎಂದಳು.

ಕೊನೆಯ ದೃಶ್ಯವನ್ನು ಮುನೀರಾಳ ಗೋರಿಯ ಪಕ್ಕದಲ್ಲೇ ತೆಗೆಯಬೇಕು ಎಂದು ಯಾಸ್ನಾ ಹಟ ಹಿಡಿದಳು. ಅಲ್ಲಿ ಗುಂಡಿ ತೋಡಬೇಕು, ತಲೆಯ ಕಡೆ ಹೆಸರು ಬರೆದ ಹಲಗೆ ನೆಡಬೇಕು. ಮಂಡಳಿಯನ್ನು ಕೇಳಲು ಹೋದಾಗ ವೆದ್ರಾನನೂ ಜೊತೆಗಿದ್ದ. ಹಾಮ್ದಿಯಾ ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡ. "ಕಲೆಗೆ ನಮ್ಮ ಮಂಡಳಿ ಬಾಗಿಲು ಯಾವತ್ತೂ ತೆಗೆದೇ ಇರುತ್ತೆ ಮೇಡಂ. ಎಷ್ಟು ಬೇಕಾದ್ರೂ ತೋಡಿ." ಒಂದು ವರ್ಷದಿಂದ ಒಬ್ಬ ಮನುಷ್ಯನಿಗೆ ಸಿಗದ ಜಾಗ ಸಿನಿಮಾಕ್ಕೆ ನಿಂತ ನಿಲುವಿನಲ್ಲಿ ಸಿಕ್ಕಿತು. ವೆದ್ರಾನ್ ಬಾಯಿ ತೆರೆಯಲಿಲ್ಲ, ಹೆಣದ ಪಾತ್ರವನ್ನು ಆಗಲೇ ಒಪ್ಪಿಕೊಂಡಿದ್ದ.

"ಈ ಕಥೇಲಿ ಒಬ್ಬ ಮಂಡಳಿ ಅಧ್ಯಕ್ಷ ಬರ್ತಾನಂತಲ್ಲ," ಹಾಮ್ದಿಯಾ ಹೊರಡುವಾಗ ಯಾಸ್ನಾಳನ್ನು ಕೇಳಿದ. "ಯಾವ ಪಾರ್ಟಿ?"

"ಪಾರ್ಟಿ ಹೆಸರು ಹೇಳಲ್ಲ."

"ಹಾಗಾದ್ರೆ ಅವರದೇ," ಎಂದು ಹಾಮ್ದಿಯಾ ಪಕ್ಕದ ಗುಡ್ಡದ ಕಡೆ ಗಲ್ಲ ಎತ್ತಿ ತೋರಿಸಿ ನಿರಾಳವಾದ.

ಶೂಟಿಂಗಿನ ದಿನ ವೆದ್ರಾನನನ್ನು ಮದುವೆಯ ಕೋಟಿನಲ್ಲಿ ಪೆಟ್ಟಿಗೆಯೊಳಗೆ ಮಲಗಿಸಿ ಗುಂಡಿಯ ಪಕ್ಕ ಇಟ್ಟರು. ತಲೆಯ ಕಡೆ ಹಲಗೆ, ಅದರ ಮೇಲೆ ಬರೀ ಹೆಸರು. ಅರ್ಧಚಂದ್ರನೂ ಇಲ್ಲ, ಶಿಲುಬೆಯೂ ಇಲ್ಲ. ಪ್ಲಮ್ ಮರ ಹೂ ಬಿಡುವ ಕಾಲವಲ್ಲ, ಬೋಳು ಕೊಂಬೆಯ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ಕಣ್ಣು ಮುಚ್ಚು ಎನ್ನುವ ಮುಂಚೆ ಅವನು ಓರೆಗಣ್ಣಿನಲ್ಲಿ ನೋಡಿದ. ಮುನೀರಾಳ ಕಲ್ಲು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ಅವಳು ಹೋದ ಮೇಲೆ ಅವನಿಗೆ ಇಷ್ಟು ನೆಮ್ಮದಿ ಯಾವತ್ತೂ ಆಗಿರಲಿಲ್ಲ.

"ನಿಲ್ಸಿ, ನಿಲ್ಸಿ," ಯಾಸ್ನಾ ಕೂಗಿದಳು. "ಮಾಮ, ನಗ್ತಿದೀರಿ. ಹೆಣ ನಗಬಾರ್ದು."

ಮತ್ತೆ ತೆಗೆದರು. ಮತ್ತೆ ನಕ್ಕ. ಕೊನೆಗೆ ಬೇಸತ್ತು, ಮುಖ ಕಾಣದ ಹಾಗೆ ಹಿಂದಿನಿಂದ ಕ್ಯಾಮೆರಾ ಇಟ್ಟು ಮುಗಿಸಿದರು. ಪಕ್ಕದೂರಿನಲ್ಲಿ ಬೆಳಕಿರುವಾಗಲೇ ಇನ್ನೊಂದು ದೃಶ್ಯ ತೆಗೆಯಬೇಕಿತ್ತು. ಗಡಿಬಿಡಿಯಲ್ಲಿ ಗುಂಡಿ ಮುಚ್ಚಿ, ಪೆಟ್ಟಿಗೆ ಹೇರಿಕೊಂಡು ಹೊರಟವರು ಹಲಗೆಯನ್ನು ಮರೆತರು. ವೆದ್ರಾನ್ ನೆನಪಿಸಲಿಲ್ಲ.

ಚುನಾವಣೆಯಲ್ಲಿ ಹಾಮ್ದಿಯಾ ಗೆದ್ದ. ವೆದ್ರಾನ್ ಕೈಕುಲುಕಲು ಹೋಗಿ ಜಾಗದ ಮಾತೆತ್ತಿದ. "ಈಗ ತಾನೇ ಗೆದ್ದಿದೀನಿ ಕಣೋ, ಎಲ್ಲರ ಕಣ್ಣೂ ನನ್ನ ಮೇಲೇ ಇದೆ," ಎಂದ ಹಾಮ್ದಿಯಾ. "ಮುಂದಿನ ಚುನಾವಣೆ ಮುಗೀಲಿ." ಗೆಲ್ಲುವ ಮುಂಚೆ ಸೋಲುವ ಭಯ, ಗೆದ್ದ ಮೇಲೆ ಮತ್ತೆ ಸೋಲುವ ಭಯ. ಈ ಎರಡರ ನಡುವೆ ಒಬ್ಬ ಮನುಷ್ಯ ಸಾಯಲು ಬಿಡುವಾದರೂ ಎಲ್ಲಿ?

ವಸಂತದಲ್ಲಿ ಸಿನಿಮಾ ಬಂತು. ಸಂಸ್ಕೃತಿ ಭವನದ ಹಾಲು ಹಳೆಯ ಕಾಲದಂತೆ ತುಂಬಿ ತುಳುಕಿತು. ಮೂರು ಗುಡ್ಡದವರೂ ಬಂದು, ಯಾರೂ ಹೇಳದಿದ್ದರೂ ಮೂರು ಗುಂಪಾಗಿ ಕೂತರು. ವೆದ್ರಾನ್ ತಾನೇ ಸತ್ತ ಸಿನಿಮಾಕ್ಕೆ ತಾನೇ ಟಿಕೆಟ್ ಹರಿದು, ಕೊನೆಯ ಸಾಲಿಗೆ ಹೋಗಿ ಕೂತ. ಅವನ ಪಕ್ಕದ ಕುರ್ಚಿಯಲ್ಲಿ ಈ ಸಲ ಹಾಮ್ದಿಯಾ ಇದ್ದ.

ಹಾಲು ಬಿದ್ದು ಬಿದ್ದು ನಕ್ಕಿತು. ಟ್ರ್ಯಾಕ್ಟರು ಅಪ್ಪನ ಗುಡ್ಡ ಹತ್ತಿದಾಗ ಬಲಗಡೆ ಕೂತವರು ಇದು ಎಡಗಡೆಯವರ ಗುಡ್ಡ ಎಂದು ನಕ್ಕರು. ಅಮ್ಮನ ಗುಡ್ಡದಿಂದ ಕೆಳಗಿಳಿದಾಗ ಎಡಗಡೆಯವರು ನಡುವಿನವರನ್ನು ನೋಡಿ ನಕ್ಕರು. ಪರದೆಯ ಮೇಲೆ ಮಂಡಳಿ ಅಧ್ಯಕ್ಷ ಬಂದ. ಬೊಜ್ಜು ಹೊಟ್ಟೆ, ಎಣ್ಣೆ ಹಚ್ಚಿ ಬಾಚಿದ ಕೂದಲು. "ಇವತ್ತು ನಿನ್ನ ಒಳಗೆ ಬಿಟ್ರೆ ನಾಳೆ ಇನ್ನೊಬ್ಬ ಬರ್ತಾನೆ," ಎಂದು ಹೆಣಕ್ಕೆ ತಿಳಿಹೇಳಿದ. ಹಾಮ್ದಿಯಾ ತೊಡೆ ತಟ್ಟಿಕೊಂಡು ನಕ್ಕ, ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ.

"ಅಯ್ಯೋ, ಥೇಟ್ ಆ ಗುಡ್ಡದವನೇ ಕಣೋ. ಎಂಥ ಕತ್ತೆಗಳು ಇವರೆಲ್ಲ."

"ಹಾಮ್ದಿಯಾ, ಆ ಮಾತು ನಿಂದು," ವೆದ್ರಾನ್ ಮೆಲ್ಲಗೆ ಹೇಳಿದ. "ಅಕ್ಷರ ಬಿಡದೆ ನಿಂದೇ. ಟೈರು ಅಂಗಡೀಲಿ ಅಂದಿದ್ದೆ."

"ಹಾಗೆ ಎಲ್ಲ ಕಡೇನೂ ಅಂತಾರೆ. ಇದು ನಮ್ಮ ಬಗ್ಗೆ ಅಲ್ವೋ, ಇತರರ ಬಗ್ಗೆ."

"ಇತರ ಅಂತ ಇರೋನು ನಾನೊಬ್ನೇ."

"ಅದು ಬೇರೆ."

"ಹಾಗಾದ್ರೆ ಜಾಗ?"

"ಸಿನಿಮಾ ನೋಡೋಕೆ ಬಿಡೋ ಮಾರಾಯ. ಅದು ಸಿನಿಮಾ, ಇದು ಜೀವನ. ಎರಡನ್ನೂ ಯಾಕೆ ಬೆರೆಸ್ತೀಯ?"

ವೆದ್ರಾನನಿಗೆ ಸಿಟ್ಟು ಬಂತು. ಈ ಹಾಲಿನಲ್ಲಿ ಅವನು ಎಷ್ಟು ನಗು ಕೇಳಿದ್ದಾನೋ, ಆ ಎಲ್ಲ ನಗುವೂ ಪಕ್ಕದವನ ಮನೆಯ ವಿಳಾಸಕ್ಕೇ ಹೋದದ್ದು. ಒಂದೂ ಅವರವರ ಮನೆಗೆ ತಲುಪಿರಲಿಲ್ಲ. ಯಾಸ್ನಾ ಇನ್ನೂ ನೂರು ಸಿನಿಮಾ ತೆಗೆದರೂ ಪೊಡ್ಲಿಪಾ ಚಪ್ಪಾಳೆ ತಟ್ಟಿ, ಮನೆಗೆ ಹೋಗಿ, ನೆಂಟನ ಅಪ್ಪನ ಹೆಸರು ಕೇಳುತ್ತದೆ.

ಅಷ್ಟರಲ್ಲಿ ಕೊನೆಯ ದೃಶ್ಯ ಬಂತು. ಗುಡ್ಡ, ಬೋಳು ಮರ, ಮುನೀರಾಳ ಕಲ್ಲು, ಅದರ ಪಕ್ಕ ಹಲಗೆ, ಹಲಗೆಯ ಮೇಲೆ ವೆದ್ರಾನ್ ಲೊಂಚಾರ್. ಹಾಮ್ದಿಯಾನ ನಗು ನಿಂತಿತು.

"ಆ ಹಲಗೆ ಇನ್ನೂ ಅಲ್ಲೇ ಇದೆಯೇನೋ?"

"ನಾನು ನೆಟ್ಟಿದ್ದಲ್ಲ."

ಇಡೀ ಊರು ನೋಡಿಯಾಗಿತ್ತು. ಮರುದಿನವೇ ಅದನ್ನು ಕಿತ್ತು ಹಾಕಿ ಎಂದು ಮಂಡಳಿಯ ಮೇಲೆ ಒತ್ತಡ ಶುರುವಾಯಿತು. ಹಾಮ್ದಿಯಾ ಸಭೆ ಕರೆದ. ಅಲ್ಲೊಂದು ತೊಡಕು ಎದ್ದಿತು. ಯುದ್ಧದ ದಿನಗಳಲ್ಲಿ ಒಬ್ಬರ ಗೋರಿಕಲ್ಲನ್ನು ಇನ್ನೊಬ್ಬರು ಕಿತ್ತು ರಸ್ತೆಗೆ ಹಾಸಿದ್ದು ಸಾಕಾಗಿ, ಆಮೇಲೆ ಮೂರು ಗುಡ್ಡದವರೂ ಕೂಡಿ ಒಂದು ನಿಯಮ ಮಾಡಿದ್ದರು. ಸ್ಮಶಾನದಲ್ಲಿ ಯಾರ ಹೆಸರಿನ ಗುರುತನ್ನೇ ಆಗಲಿ, ಆ ಹೆಸರಿನವನ ಸಮುದಾಯದ ಒಪ್ಪಿಗೆ ಇಲ್ಲದೆ ಮುಟ್ಟುವಂತಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಆ ಜಾಗವನ್ನು ಬೇರೆಯವರಿಗೆ ಕೊಡುವಂತೆಯೂ ಇಲ್ಲ. ಪುರಸಭೆಯ ಗುಮಾಸ್ತ ನಿಯಮವನ್ನು ಓದಿ ಹೇಳಿ, ಗಂಟಲು ಸರಿಮಾಡಿಕೊಂಡು, ಈ ಪ್ರಕರಣದಲ್ಲಿ ಸಮುದಾಯ ಎಂದರೆ ಇತರರು ಎಂದ.

ಶುಕ್ರವಾರ ಹಾಮ್ದಿಯಾ ಏದುಸಿರು ಬಿಡುತ್ತ ಗುಡ್ಡ ಹತ್ತಿದ. ವೆದ್ರಾನ್ ವಾರವಾರದಂತೆ ಮುನೀರಾಳ ಕಾಲ ಬಳಿ ಕೂತು, ಫ್ಲಾಸ್ಕಿನಿಂದ ಎರಡು ಪುಟ್ಟ ಕಪ್ಪಿಗೆ ಕಾಫಿ ಬಗ್ಗಿಸಿ, ಒಂದನ್ನು ಕುಡಿದು ಇನ್ನೊಂದನ್ನು ಆರಲು ಬಿಟ್ಟಿದ್ದ. ಪ್ಲಮ್ ಮರ ಈಗ ಬೆಳ್ಳಗೆ ಹೂ ಬಿಟ್ಟಿತ್ತು.

"ಆ ಹಲಗೆ ತೆಗಿಯೋಕೆ ನಿನ್ನ ಸಮುದಾಯದ ಒಪ್ಪಿಗೆ ಬೇಕಂತೆ ಕಣೋ," ಹಾಮ್ದಿಯಾ ನಿಂತೇ ಹೇಳಿದ.

"ಸಭೆ ಕರೀಬೇಕಾಗುತ್ತೆ."

"ನೀನೊಬ್ನೇ ಅಲ್ವೇನೋ."

"ಒಬ್ನೇ. ಆದ್ರೂ ನಮ್ಮಲ್ಲಿ ಭಿನ್ನಾಭಿಪ್ರಾಯ ಇದೆ." ವೆದ್ರಾನ್ ಕಾಫಿಯ ಕೊನೆಯ ಗುಟುಕು ಹೀರಿದ. "ಜನ ಏನಂತಾರೋ, ಅದೂ ಯೋಚಿಸ್ಬೇಕು. ನೋಡೋಣ."

ಹಾಮ್ದಿಯಾಗೆ ತಡೆಯಲಾಗದೆ ನಗು ಬಂತು. ಅರ್ಧ ನಕ್ಕವನು ತಟ್ಟನೆ ನಿಲ್ಲಿಸಿದ. ಈ ಸಲ ಆಡಿಕೊಂಡು ನಗುವುದಕ್ಕೆ ಸುತ್ತಮುತ್ತ ಬೇರೆ ಯಾವ ಗುಡ್ಡದವರೂ ಇರಲಿಲ್ಲ. ಏನೋ ಹೇಳಬೇಕೆಂದು ಹಲಗೆಯ ಕಡೆ ತಿರುಗಿದ. ಹಲಗೆಯ ಮೇಲೆ ವೆದ್ರಾನನ ಟೋಪಿ ಇತ್ತು.

ಅದನ್ನು ಅವನು ತುಂಬ ಹೊತ್ತು ನೋಡಿದ. ಮುಖದಲ್ಲಿದ್ದ ಅಧ್ಯಕ್ಷತನ ಇಳಿಯಿತು. ಕೊನೆಗೆ ಬೆರಳು ತೋರಿಸಿ, ಚಿಕ್ಕವನಿದ್ದಾಗಿನ ದನಿಯಲ್ಲಿ ಕೇಳಿದ, "ಇಲ್ಲಿ ಯಾರಾದ್ರೂ ಬರ್ತಾರಾ?"

"ಬರ್ತಾರೆ," ವೆದ್ರಾನ್ ಹೇಳಿದ. "ಸ್ವಲ್ಪ ತಡ ಆಗುತ್ತೆ."

ಹಾಮ್ದಿಯಾ ಅವತ್ತಿನ ಹಾಗೇ ಹೋಗಿ ಸ್ಮಶಾನದ ಗೋಡೆಗೆ ಒರಗಿ ನಿಂತ.